ಗಾಜಿನ ಗುಂಡಿನ ಪೆಟ್ಟಿಗೆ

“ನೀವು ಇದನ್ನ ಮಾರೂವಾಗ ಪೂರಾ ಕೊಡ್ರಿ ಅಣ್ಣಾರ. ಒಂದ ಗುಂಡು ಮನ್ಯಾಗ ಉಳೀತಂದ್ರ ಮಾಟ ಆ ಮನಿಗೇ ಗಂಟು ಬೀಳ್ತೈತಿ. ಆಮ್ಯಾಲೆ ಎಲ್ಲಿ ಒಗದರೂ ಬಿಡೂದಿಲ್ಲ.”

ಗಂಗಾವತಿಯ ಮುಚ್ಚಿಹೋದ ಕ್ಲಬ್ಬಿನ ಅಂಗಳದಲ್ಲಿ ಆಗಷ್ಟೇ ಹರಾಜು ಮುಗಿದಿತ್ತು. ಪೆಟ್ಟಿಗೆ ಮಾರಿದ ಮುದುಕಿ ಸರ್ದಾರಬೀಯ ಮಾತು ಕೇಳಿ ಕರಿಬಸಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ನಕ್ಕ. ಹಳೆಯ ಆಟದ ಯಂತ್ರ ಕೊಂಡು ಮಾರುವುದು ಅವನ ದಂಧೆ. ಸೊಲ್ಲಾಪುರದಲ್ಲಿ ನಾಲ್ಕು ವರ್ಷ ಇದ್ದು ಬಂದ ಮೇಲೆ ಹೈದರಾಬಾದ್ ಸೀಮೆಯವರೆಲ್ಲ ಅವನ ಕಣ್ಣಿಗೆ ದಡ್ಡರಾಗಿದ್ದರು. ಎರಡನೆಯ ಮಹಾಯುದ್ಧ ಶುರುವಾಗಿ ಹೊಸ ಯಂತ್ರ ಬರುವುದೇ ನಿಂತಿದ್ದರಿಂದ ಹಳೆಯವಕ್ಕೆ ಎಲ್ಲಿಲ್ಲದ ಗಿರಾಕಿ.

ಇದಂತೂ ಒಳ್ಳೆಯ ಮಾಲು. ಇಳಿಜಾರಿನ ಹಲಗೆ, ಮೇಲೆ ಗಾಜು, ಹಲಗೆಯ ತುಂಬ ಹಿತ್ತಾಳೆಯ ಮೊಳೆ. ಕಾಸು ಹಾಕಿ ಹಿಡಿ ಎಳೆದು ಬಿಟ್ಟರೆ ಬಿಳಿ ಗಾಜಿನ ಗುಂಡು ಮೊಳೆಯಿಂದ ಮೊಳೆಗೆ ಬಡಿಯುತ್ತ ಇಳಿದು ಯಾವುದೋ ತೂತಿಗೆ ಬೀಳುತ್ತದೆ.

“ಯಾರ ಮಾಟ ಅಮ್ಮಾರ?”

“ಪಕ್ಕೀರವ್ವನದು. ಆಕಿ ಮಗ ಈ ಆಟದಾಗ ಮನಿ ಕಳದು ಹೊಳಿಗೆ ಹಾರಿದ. ‘ನನ್ನ ಮನಿ ದೀಪ ಆರಿಸಿದ ಈ ಪೆಟ್ಟಿಗಿ ಯಾರ ಮನ್ಯಾಗಿದ್ದರೂ ಅವರ ಮನಿ ಕಣ್ಣು ಆರಲಿ’ ಅಂತ ಮಾಟ ಮಾಡಿಸ್ಯಾಳ. ಅಲ್ಲಿ ನೋಡ್ರಿ, ಈ ಕ್ಲಬ್ ನಡಸ್ತಿದ್ದ ನಮ್ಮ ಯಜಮಾನ್ರು.”

ಗೋಡೆಗೆ ಒರಗಿದ್ದ ಮುದುಕ ತನ್ನ ಬೆಳ್ಳಗಿನ ಕಣ್ಣುಗಳನ್ನು ಮಾತಿನ ಕಡೆ ಹೊರಳಿಸಿದ.

“ವಯಸ್ಸಾದ ಮ್ಯಾಲ ಕಣ್ಣಿಗೆ ಪೊರಿ ಬರದ ಮತ್ತೇನು ಬರ್ತೈತಿ?” ಎಂದು ಕರಿಬಸಪ್ಪ ಪೆಟ್ಟಿಗೆಯನ್ನು ಬಂಡಿಗೆ ಏರಿಸಿದ.

ಇಷ್ಟೆಲ್ಲ ಬುದ್ಧಿವಂತನಾದರೂ ಒಂದು ಗೀಳು ಅವನನ್ನು ಬಿಟ್ಟಿರಲಿಲ್ಲ. ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಅವನ ಅಪ್ಪ ದನದ ವ್ಯಾಪಾರಿ. ಎತ್ತು ಮಾರಿದರೂ ಹಗ್ಗ ಕೊಡುತ್ತಿರಲಿಲ್ಲ. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆಂದು ಬಿಚ್ಚಿಕೊಂಡು ಮನೆಗೆ ತರುತ್ತಿದ್ದ. ಮಗನೂ ಅದೇ ಜಾಡು. ಮಾರಿದ ಪ್ರತಿ ಯಂತ್ರದಿಂದ ಒಂದು ಸ್ಕ್ರೂ, ಒಂದು ಸ್ಪ್ರಿಂಗು ತೆಗೆದಿಟ್ಟುಕೊಳ್ಳುವನು. ಕೊಪ್ಪಳದ ಮನೆಯ ಗೂಡಿನಲ್ಲಿ ಅವುಗಳದೊಂದು ಗುಡ್ಡೆಯೇ ಇತ್ತು. ಮಾಟಕ್ಕೆ ನಗುವವನು ಹಗ್ಗಕ್ಕೆ ಕೈ ಮುಗಿಯುತ್ತಿದ್ದ!

ಪೆಟ್ಟಿಗೆ ಪಡಸಾಲೆಗೆ ಬಂದ ದಿನದಿಂದ ಮನೆಯಲ್ಲಿ ಸುಟ್ಟ ಕೂದಲಿನ ನಾತ. ಹೆಂಡತಿ ಹುಲಗಮ್ಮ ಊದಿನ ಹೊಗೆ ಹಾಕಿದಳು, ಸಾರಿಸಿದಳು, ನಾತ ಹೋಗಲಿಲ್ಲ. ಯಾರೂ ಮುಟ್ಟದಿದ್ದರೂ ಒಳಗೆ ಗುಂಡು ಉರುಳುವ ಸಪ್ಪಳ. ಟಕ್. ಟಕ್. ಆಮೇಲೆ ತೂತಿಗೆ ಬಿದ್ದ ಸದ್ದು. ಇಲಿ ಇರಬೇಕೆಂದ ಕರಿಬಸಪ್ಪ.

ಒಂದು ಮಧ್ಯಾಹ್ನ, ಬಿಸಿಲು ಅಂಗಳ ಸುಡುತ್ತಿದ್ದ ಹೊತ್ತಿನಲ್ಲಿ, ಮಗಳು ಕಸ್ತೂರಿ ಗೋಡೆ ತಡವುತ್ತ ಬಂದಳು.

“ಅಪ್ಪಾ, ಹೊತ್ತು ಮುಳುಗೇತಿ. ದೀಪ ಹಚ್ಚಂಗಿಲ್ಲೇನು?”

ಏಳು ವರ್ಷದ ಕೂಸು. ಅವನಿಗೆ ಲೋಕದಲ್ಲಿ ಇದ್ದ ಒಂದೇ ಆಸೆ. ಅವಳ ಕಣ್ಣಿನ ಕರಿಯ ಗೊಂಬೆ ಹಾಲು ಬೆರೆಸಿದಂತೆ ಮಸುಕಾಗಿತ್ತು. ಹಕೀಮರು ನೋಡಿದರು, ಆಸ್ಪತ್ರೆಯವರು ನೋಡಿದರು. ಯಾರಿಗೂ ತಿಳಿಯಲಿಲ್ಲ.

ಕರಿಬಸಪ್ಪ ಪಡಸಾಲೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆ ಬೋರಲು ಹಾಕಿದ. ಹಿಂದಿನ ಹಲಗೆ ಕಿತ್ತ. ನಾತ ಮುಖಕ್ಕೆ ಬಡಿಯಿತು. ಕೂದಲಿನ ಉಂಡೆ. ಕರ್ರಗೆ ಒಣಗಿದ ನಿಂಬೆಹಣ್ಣು. ಹಲಗೆಯ ಅಡಿಯಲ್ಲಿ, ಪ್ರತಿ ತೂತಿನ ಸುತ್ತ, ಕಾಡಿಗೆಯಿಂದ ತಿದ್ದಿ ತೀಡಿ ಬರೆದ ಕಣ್ಣು. ಒಂದು ಗುಂಡು ಜಾರಿ ಹೊರಬಿತ್ತು. ಬಿಳಿಯ ಗುಂಡಿನಲ್ಲೀಗ ಒಂದು ಕರಿಯ ಚುಕ್ಕೆ. ಉರುಳಿತು. ನಿಂತಿತು. ಚುಕ್ಕೆ ಅವನ ಕಡೆ ತಿರುಗಿತು.

ಮರುದಿನ ಬೆಳಿಗ್ಗೆಯೇ ಪೆಟ್ಟಿಗೆ ಕುಷ್ಟಗಿ ಸಂತೆಯ ಹರಾಜಿಗೆ ಹೋಯಿತು. ಬಂಡಿ ಹೊರಡುವಾಗ ಹುಲಗಮ್ಮ ಅವನ ಕೈ ಹಿಡಿದು, “ಪೂರಾ ಕೊಟ್ಟು ಬರ್ರಿ” ಎಂದಳು. ಅವಳಿಗೆ ಮುದುಕಿಯ ಮಾತನ್ನು ಅವನೇ ನಗುತ್ತ ಹೇಳಿದ್ದ.

ಹೋಟೆಲಿನವನೊಬ್ಬ ಎಲ್ಲರಿಗಿಂತ ಹೆಚ್ಚು ಬೆಲೆ ಕೂಗಿದ. ಅವನ ಮಗ್ಗುಲಲ್ಲಿ ಹೆಂಡತಿ, ಅವಳ ಸೊಂಟದ ಮೇಲೆ ಕೂಸು. ಒಂದು ಮಾತು ಹೇಳಬೇಕೆಂದು ಕರಿಬಸಪ್ಪನ ನಾಲಿಗೆ ತುದಿಗೆ ಬಂತು. ಹೇಳಿದರೆ ಆತ ಕೊಳ್ಳುವುದಿಲ್ಲ. ಸರ್ದಾರಬೀಯಲ್ಲಿದ್ದಷ್ಟು ನಿಯತ್ತೂ ಅವನಲ್ಲಿ ಇರಲಿಲ್ಲ, ಮಾತು ನುಂಗಿಕೊಂಡ. ರೊಕ್ಕ ಎಣಿಸಿಕೊಂಡು ವ್ಯಾಪಾರ ಮುಗಿಸಿದ. ಗುಂಡುಗಳನ್ನು ಚೀಲಕ್ಕೆ ತುಂಬಿ ಕೊಟ್ಟ. ಹೊರೆ ಇಳಿಯಿತೆಂದು ಬಂಡಿಯಲ್ಲೇ ಕಣ್ಣು ಮುಚ್ಚಿ ಮಲಗಿದ.

ಕೊಪ್ಪಳ ಮುಟ್ಟಿದಾಗ ಸಂತೆಯ ಮರುದಿನದ ಮಟಮಟ ಮಧ್ಯಾಹ್ನ. ಹುಲಗಮ್ಮ ಅಳುತ್ತ ನಗುತ್ತ ಅಂಗಳಕ್ಕೆ ಓಡಿಬಂದಳು.

“ಕಸ್ತೂರಿ ಕಣ್ಣು ತಿಳಿಯಾತ್ರಿ! ನೀವು ಹೋದ ಹಿಂದಿಂದ ಗುಬ್ಬಿ ಕಂಡ್ಲು, ನನ್ನ ಮಾರಿ ಕಂಡ್ಲು. ಬರ್ರಿ, ನೋಡ್ರಿ.”

ಕಸ್ತೂರಿ ಹೊಸ್ತಿಲಲ್ಲಿ ನಿಂತಿದ್ದಳು. ಕರ್ರಗಿನ, ಮಿನುಗುವ ಕಣ್ಣು. “ಅಪ್ಪಾ, ನಿನ್ನ ತಲಿಮ್ಯಾಲಿನ ಪಟಗಾ ಧೂಳಾಗೇತಿ” ಎಂದು ನಕ್ಕಳು. ಅವನ ಎದೆ ತುಂಬಿ ಬಂತು. ಎರಡು ಹೆಜ್ಜೆಯಲ್ಲಿ ಹತ್ತಿರ ಹೋಗಿ ಮಗಳನ್ನು ಅವಚಿಕೊಂಡ.

ಅವಳ ಮೈ ಬಿಗಿಯಿತು.

“ಅಪ್ಪಾ, ಯಾಕ ಕತ್ತಲಿ ಆತು?”

ಬಿಸಿಲು ಹೊಸ್ತಿಲ ಮೇಲೆಯೇ ಇತ್ತು. ಅಂಗಿಯ ಕಿಸೆಯಲ್ಲಿ ಏನೋ ಕದಲಿತು. ಕೈ ಹಾಕಿದ. ತಣ್ಣಗಿತ್ತು. ಗುಂಡಗಿತ್ತು. ಚೀಲ ತುಂಬುವಾಗ ಎಡಗೈ ತನ್ನ ಹಳೆಯ ಚಾಳಿಯಂತೆ ಒಂದನ್ನು ತೆಗೆದಿಟ್ಟುಕೊಂಡಿತ್ತು. ಎತ್ತು ಕೊಟ್ಟಿದ್ದ. ಹಗ್ಗ ಕೊಟ್ಟಿರಲಿಲ್ಲ.

ಓಡಿದ. ಹಿತ್ತಲಿನ ಬಾವಿಗೆ ಎಸೆದ. ಕಿವಿಗೊಟ್ಟ. ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ. ಏದುಸಿರು ಬಿಡುತ್ತ ಒಳಗೆ ಬಂದ. ಗೂಡಿನಲ್ಲಿ, ಸ್ಕ್ರೂ ಸ್ಪ್ರಿಂಗುಗಳ ಗುಡ್ಡೆಯ ಮೇಲೆ, ಅದು ಕೂತಿತ್ತು. ಚುಕ್ಕೆ ಬಾಗಿಲ ಕಡೆ ತಿರುಗಿತ್ತು.

ಹುಲಗಮ್ಮ ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಮಗಳ ಸಮಾಧಾನಕ್ಕೆಂದು ಆ ಹಗಲಿನಲ್ಲೇ ದೀಪ ಹಚ್ಚಿ ತಂದಳು.

“ಹಚ್ಚವ್ವಾ” ಎಂದಳು ಕಸ್ತೂರಿ, ಉರಿಯುವ ದೀಪದ ಮುಂದೆ ಕೂತು. “ಎಷ್ಟೊತ್ತು ಹಚ್ಚತೀ?”