ಪಾದ್ರಿ ವೆಂತ್ರೆಲ್ಲಾನ ಇನ್ನೂರ ಹನ್ನೆರಡನೇ ಪುಟ

ಬೆಳಿಗ್ಗೆ ಒಂಬತ್ತಕ್ಕೆ ಕಳ್ಳತನ ಬಯಲಾಯಿತು. ನಮ್ಮ ಗ್ರಂಥಾಲಯದ ಬೀರುವಿನ ಬೀಗ ಒಡೆದಿರಲಿಲ್ಲ. ಆದರೆ ಇನ್ನೂರೈವತ್ತು ವರ್ಷದ ಹಿಂದೆ ಪಾದ್ರಿ ವೆಂತ್ರೆಲ್ಲಾ ಗೋಧಿ ವ್ಯಾಪಾರದ ಬಗ್ಗೆ ಬರೆದ ಪುಸ್ತಕ ಮಾಯ. ಲೋಕದಲ್ಲಿ ಉಳಿದದ್ದು ಅದೊಂದೇ ಪ್ರತಿ. ನಮ್ಮ ನಿರ್ದೇಶಕಿ ಕಿರುಚಿದ್ದಕ್ಕೆ ನೇಪಲ್ಸ್ ಬಂದರಿನ ಹಡಗುಗಳು ಲಂಗರು ಕಿತ್ತವು. ಪುಣ್ಯಕ್ಕೆ ಓದುಕೋಣೆಯ ಜವಾನ ನಾನಿದ್ದೆ, ಕಾರ್ಮಿನೆ. ನನ್ನ ಮೂಗಿಗೆ ಹೆದರಿ ಊರಿನ ಅರ್ಧ ಕಳ್ಳರು ರೋಮ್‌ಗೆ ಗುಳೆ ಹೋಗಿದ್ದಾರೆ.

"ಕೊನೆಗೆ ಮುಟ್ಟಿದ್ದು ನೂನ್ಸಿಯಾ. ಪುಸ್ತಕ ಸಿಗೋವರೆಗೂ ಅವಳ ಡಾಕ್ಟರೇಟ್ ಪರೀಕ್ಷೆ ಬಂದ್!" ಎಂದಳು ನಿರ್ದೇಶಕಿ.

ಪರೀಕ್ಷೆ ಇದ್ದದ್ದು ಹನ್ನೊಂದಕ್ಕೆ.

"ಕಾರ್ಮಿನೆ ಮಾಮ, ಆರು ವರ್ಷದ ದುಡಿಮೆ," ನೂನ್ಸಿಯಾ ಬಿಕ್ಕಿದಳು. "ಗೋಧೀನ ಹೊರದೇಶಕ್ಕೆ ಮಾರೋಕೆ ಬಿಡಿ ಅಂತ ಪಾದ್ರಿ ಹೇಳಿದ್ದ ಅನ್ನೋದು ನನ್ನ ವಾದ. ಅವನ ಪತ್ರಗಳಲ್ಲಿ ಹಾಗಿದೆ, ಆದ್ರೆ ಪೂರ್ತಿ ಸಾಕ್ಷಿ ಆ ಪುಸ್ತಕವೇ. ನಾನ್ಯಾಕೆ ಕದೀಲಿ?"

"ಅದರಲ್ಲಿ ಏನಿದೆ?"

"ಓದಿದ್ರೆ ತಾನೆ! ಆ ಕಾಲದಲ್ಲಿ ಹಾಳೆ ಮಡಚಿ ಹಾಗೇ ಹೊಲೀತಿದ್ರು, ಓದೋರೇ ಅಂಚು ಸೀಳ್ಕೋಬೇಕು; ಹದಿನೇಳನೇ ಪುಟದಿಂದಾಚೆ ಮಡಿಕೆ ಯಾರೂ ಸೀಳೇ ಇಲ್ಲ. ಸೀಳೋಕೆ ಅಪ್ಪಣೆ ಕೇಳಿ ನಿನ್ನೆ ನಿಮ್ಮ ಕೈಗೇ ಚೀಟಿ ಕೊಟ್ಟೆನಲ್ಲ?"

*

ಮೊದಲು ಹಳೆ ಪುಸ್ತಕದ ವ್ಯಾಪಾರಿ ಮಿಮ್ಮೊನ ಕೊರಳಪಟ್ಟಿ ಹಿಡಿದೆ.

"ಪಕ್ಕದಲ್ಲೇ ಚಿನ್ನದಂಚಿನ ನಕ್ಷೆ ಪುಸ್ತಕ ಇತ್ತಲ್ಲೋ," ಎಂದ ಮಿಮ್ಮೊ. "ಅದನ್ನ ಬಿಟ್ಟು ಗೋಧಿ ಪುರಾಣ ಕದಿಯೋಕೆ ನಾನೇನು ಪ್ರೊಫೆಸರಾ?"

ನನ್ನ ತಲೆಯಲ್ಲಿ ಸಾವಿರ ದೀಪ ಹತ್ತಿದವು.

*

ಗ್ರಂಥಾಲಯ ಸಮಿತಿಯ ಅಧ್ಯಕ್ಷ, ಪ್ರೊಫೆಸರ್ ಕಾಪುವಾನೊ ಅವರ ಕೋಣೆಗೆ ನಿರ್ದೇಶಕಿಯನ್ನೂ ನೂನ್ಸಿಯಾಳನ್ನೂ ಕರೆದೊಯ್ದೆ. ಇವತ್ತಿನ ಪರೀಕ್ಷಕರೂ ಅವರೇ. ಮೇಜಿನ ಮೇಲೆ ಕಾಫಿ, ಬೆಣ್ಣೆ ಚಾಕು. ಚಾಕುವಿನ ಅಂಚಿಗೆ ಕಾಗದದ ಧೂಳು.

"ಸಾರ್, ಬೀಗ ಒಡೆದಿಲ್ಲ. ಕೀಲಿ ಇರೋದು ನಿರ್ದೇಶಕಿ ಹತ್ರ, ನಿಮ್ಮ ಹತ್ರ. ಆ ಚೀಟಿ ನಾನು ಕೊಟ್ಟಿದ್ದು ನಿಮಗೊಬ್ಬರಿಗೇ. ಗೋಧಿ ಹೊರಗೆ ಬಿಡಬೇಡಿ ಅಂತ ಪಾದ್ರಿ ಇನ್ನೂರ ಹನ್ನೆರಡನೇ ಪುಟದಲ್ಲಿ ಹೇಳಿದ್ದಾನೆ ಅಂತ ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀರಿ. ಸೀಳದ ಪುಟ ಹೇಗೆ ಓದಿದ್ರಿ?"

ಪ್ರೊಫೆಸರ್ ಟೊಮೇಟೊಗಿಂತ ಕೆಂಪಾದರು. ಚೀಲದಿಂದ ಪುಸ್ತಕ ತೆಗೆದರು. ಹಳದಿ ಹಾಳೆಗಳ ಹೊಸ ಅಂಚು ಹಾಲಿನಂತೆ ಬಿಳುಪು.

"ನನ್ನ ಗುರುಗಳು ಬರೆದಿದ್ರು ಕಣಯ್ಯಾ. ನಾನು ಹಾಗೇ ಎತ್ಕೊಂಡೆ. ಸೀಳಿ, ಓದಿ, ಸದ್ದಿಲ್ಲದೆ ಇಟ್ಬಿಡೋಣ ಅಂತಿದ್ದೆ. ಪುಸ್ತಕ ನೂರ ತೊಂಬತ್ತನೇ ಪುಟಕ್ಕೇ ಮುಗಿದುಹೋಗತ್ತೆ!"

"ಪಾದ್ರಿ ಏನಂತಾನೆ ಸಾರ್?" ನೂನ್ಸಿಯಾ ಕೇಳಿದಳು.

"ನೀನು ಹೇಳಿದ್ದನ್ನೇ, ಮಗಳೇ. ನಿನಗಿಂತ ಜೋರಾಗಿ."

ನಿರ್ದೇಶಕಿ ಪೊಲೀಸರನ್ನು ಕರೆಯಲು ಫೋನ್ ಎತ್ತಿದಳು. ನೂನ್ಸಿಯಾ ತಡೆದಳು. "ಬೇಡ ಮೇಡಂ. ಇದೇ ಮಾತನ್ನ ಹನ್ನೊಂದಕ್ಕೆ ಎಲ್ಲರೆದುರು ಹೇಳಲಿ, ಸಾಕು."

ಹೇಳಿದರು. ಪುಟ ತೆರೆದು, ಕನ್ನಡಕ ಏರಿಸಿ, ತಮ್ಮ ತಪ್ಪನ್ನು ತಾವೇ ಓದಿದರು. ನೂನ್ಸಿಯಾ ಡಾಕ್ಟರ್ ಆದಳು. ಚಪ್ಪಾಳೆ ಮೂರು ಗಂಟೆ ನಿಲ್ಲಲಿಲ್ಲ. ಅದರಲ್ಲಿ ಎರಡೂವರೆ ಗಂಟೆ ನನ್ನದೇ.