ಕಿಟಕಿಯ ಕೆಳಗಿನ ಪಾತ್ರ

ನಟಿ ಯಾಗೊಡಾ ಹತ್ತೊಂಬತ್ತರ ಹುಡುಗಿಯ ಪಾತ್ರ ಮಾಡುತ್ತೇನೆ ಎಂದಾಗ ನಕ್ಕವರು ನಮ್ಮ ರಂಗಮಂದಿರದ ಮ್ಯಾನೇಜರ್ ರಾಡಿವೊಯ್. ಬೇಡ ಎಂದವನು ನಾನು. ನಕ್ಕವರನ್ನು ಅವಳು ಆವತ್ತೇ ಕ್ಷಮಿಸಿದಳು.

ನಮ್ಮಲ್ಲಿ ಒಂದು ಪದ್ಧತಿಯಿದೆ. ರಂಗದ ಮೇಲೆ ಇಪ್ಪತ್ತೈದು ವರ್ಷ ಕಳೆದವರಿಗೆ ಒಂದು ಸಂಜೆಯನ್ನು ಬಿಟ್ಟುಕೊಡುತ್ತಾರೆ. ಯಾವ ನಾಟಕ, ಯಾವ ಪಾತ್ರ ಎಂದು ಅವರೇ ಆರಿಸಿಕೊಳ್ಳಬಹುದು. ಮಾರನೆಯ ದಿನದಿಂದ ಮತ್ತೆ ಅದೇ ಅಡುಗೆಯವಳು, ಅದೇ ಮೂರನೆಯ ಸಿಪಾಯಿ.

ಯಾಗೊಡಾ ಆರಿಸಿದ್ದು ಗಿರಣಿಯವನ ಮಗಳನ್ನು. ಅಪ್ಪ ಕೋಣೆಗೆ ಬೀಗ ಹಾಕುತ್ತಾನೆ. ಹುಡುಗಿ ಕಿಟಕಿಯಿಂದ ಹಾರುತ್ತಾಳೆ. ಕೆಳಗೆ ನಿಂತ ಪ್ರಿಯಕರ ಹಿಡಿದುಕೊಳ್ಳುತ್ತಾನೆ. ಅವಳು ಕೆಲಸಕ್ಕೆ ಸೇರಿದ ವರ್ಷ ಆ ಪಾತ್ರ ಅವಳಿಗೇ ಸಿಕ್ಕಿತ್ತು. ಅಷ್ಟರಲ್ಲಿ ಬೆಲ್‌ಗ್ರೇಡಿನಿಂದ ಯಾರೋ ದೊಡ್ಡವರ ಸೊಸೆ ಬಂದಳು, ಪಾತ್ರ ಅವಳ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಯಾಗೊಡಾ, ರಾಣಿ ಪಾತ್ರ ಮಾಡಮ್ಮ," ಎಂದರು ರಾಡಿವೊಯ್. "ಇವಳು ಕಿಟಕಿಯಿಂದ ಹಾರ್ಬೇಕು ಕಣಮ್ಮ."

"ಹಾರ್ತೀನಿ."

"ಕೆಳಗೆ ಹಿಡಿಯೋನೂ ಮನುಷ್ಯನೇ ಅಲ್ವಾ?"

ಅವಳು ನನ್ನ ಕಡೆ ತಿರುಗಿದಳು. ಏನಾದರೂ ಆಸೆಯಿಂದ ಕೇಳುವಾಗ ಅವಳ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತದೆ. "ವೆಲ್ಯ, ನೀನೇನಂತೀಯ?"

"ಬೇಡ ಯಾಗೊಡಾ," ಎಂದೆ. "ಜನ ನಗ್ತಾರೆ."

ಹುಬ್ಬು ಇಳಿಯಿತು. ಕೋಟು ತೆಗೆದುಕೊಂಡು ಹೊರಟೇಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಎರಡನ್ನೂ ಒಟ್ಟಿಗೇ ಮಾಡಿಕೊಂಡಿದ್ದೆ.

ನಾನೂ ಅವಳೂ ಒಟ್ಟಿಗೆ ಎಷ್ಟು ನಾಟಕ ಮಾಡಿಲ್ಲ! ನಾನು ಅವಳಿಗೆ ಅಣ್ಣನಾಗಿದ್ದೇನೆ, ಪಾದ್ರಿಯಾಗಿದ್ದೇನೆ, ಅವಳು ಸತ್ತಳೆಂದು ಸಾರುವ ಡಾಕ್ಟರೂ ಆಗಿದ್ದೇನೆ. ಪ್ರಿಯಕರ ಮಾತ್ರ ಆಗಲಿಲ್ಲ, ರಂಗದ ಮೇಲೂ ಇಲ್ಲ, ಕೆಳಗೂ ಇಲ್ಲ. ಅವಳ ಮದುವೆ ಮುರಿದು ಬಹಳ ಕಾಲವಾಯಿತು. ನನ್ನದು ಆಗಲೇ ಇಲ್ಲ. ನಾಟಕ ಮುಗಿದ ಮೇಲೆ ಡ್ಯಾನ್ಯೂಬ್ ನದಿಯ ದಂಡೆಯ ಹೋಟೆಲಿನಲ್ಲಿ ಸುಟ್ಟ ಮಾಂಸ, ಪ್ಲಮ್ ಸಾರಾಯಿ ಮುಂದಿಟ್ಟುಕೊಂಡು ಎಲ್ಲರೂ ತಮ್ಮ ಕನಸಿನ ಪಾತ್ರ ಹೇಳಿಕೊಳ್ಳುತ್ತಾರೆ. ಒಬ್ಬನಿಗೆ ರಾಜನಾಗಬೇಕು, ಇನ್ನೊಬ್ಬನಿಗೆ ಹುಚ್ಚನಾಗಬೇಕು. ನಾನು, "ರಂಗದ ಮೇಲೆ ನಿಜವಾದ ಊಟ ಕೊಡೋ ಯಾವ ಪಾತ್ರ ಆದ್ರೂ ಸರಿ," ಎಂದು ನಗಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಪದ್ಧತಿ ಪದ್ಧತಿಯೇ. ರಾಡಿವೊಯ್ ಒಪ್ಪಲೇಬೇಕಾಯಿತು. ಪ್ರಿಯಕರನ ಪಾತ್ರಕ್ಕೆ ಯಾಗೊಡಾ ಓಗ್ನೆನ್ ಎಂಬ ಹುಡುಗನನ್ನು ಕೇಳಿ ತೆಗೆದುಕೊಂಡಳು. ಅವನಿಗೆ ಜಿಮ್ಮಿನಲ್ಲಿ ಬೆಳೆಸಿದ ತೋಳುಗಳಿದ್ದವು. ನನಗೆ ಸಿಕ್ಕಿದ್ದು ಬೀಗ ಹಾಕುವ ಅಪ್ಪ.

ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅವನು ಅವಳನ್ನು ಹಿಟ್ಟಿನ ಮೂಟೆಯಂತೆ ಹಿಡಿದು ಕೆಳಗಿಡುತ್ತಿದ್ದ. ಒಂದು ದಿನ ಎಲ್ಲರ ಮುಂದೆಯೇ, "ನಿಧಾನ ಚಿಕ್ಕಮ್ಮ, ಕಾಲು ಜೋಪಾನ," ಎಂದುಬಿಟ್ಟ. ಪಾಪ, ಗೌರವದಿಂದಲೇ ಹೇಳಿದ್ದ.

ಯಾಗೊಡಾ ಸೀದಾ ಮೇಕಪ್ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಕನ್ನಡಿಯ ಮುಂದೆ ಕೂತು ಕೂದಲಿನ ಪಿನ್ನುಗಳನ್ನು ಕೀಳುತ್ತಿದ್ದಳು.

"ಆ ಹುಡುಗ ಹಿಡೀತಾನೆ. ಆದ್ರೆ ನನ್ನನ್ನ ನೋಡೋದೇ ಇಲ್ಲ," ಎಂದಳು.

"ನೋಡೋನೊಬ್ಬ ಇದ್ದಾನಲ್ಲ."

"ಅವನು ಬೇಡ ಅಂದ."

"ನಿನ್ನನ್ನ ನೋಡಿ ನಗ್ತಾರಲ್ಲ ಅಂತ ಯಾಗೊಡಾ, ನನ್ಗೆ ತಡ್ಕೊಳ್ಳೋಕಾಗಲ್ಲ ಅಂತ..."

"ಇಷ್ಟು ವರ್ಷ ತಟ್ಟೆ ಹಿಡ್ಕೊಂಡು ಜಾರಿ ಬಿದ್ದು ಊರನ್ನ ನಗಿಸಿದೀನಿ. ಜನ ನಗೋದಕ್ಕೆ ನಾನು ಹೆದರ್ತೀನಾ? ನಾನು ಕೇಳಿದ್ದು ಊರನ್ನಲ್ಲ. ನಿನ್ನನ್ನ." ಒಂದು ಪಿನ್ನು ನೆಲಕ್ಕೆ ಬಿತ್ತು, ಇಬ್ಬರೂ ಎತ್ತಲಿಲ್ಲ. "ನಿನ್ಗೆ ಯಾವ ಪಾತ್ರ ಬೇಕಿತ್ತು ಅಂತ ಒಂದಿನ ಬಾಯ್ಬಿಟ್ಟಿದೀಯಾ? ಊಟದ ಪಾತ್ರವಂತೆ!"

"ಆ ಕಿಟಕಿ ಕೆಳಗೆ ನಿಲ್ಲೋದು," ಎಂದೆ. ದನಿ ನನ್ನದಲ್ಲವೆನಿಸಿತು. "ಅದೂ ಮೇಲೆ ನೀನಿದ್ರೆ ಮಾತ್ರ. ನಿನ್ನನ್ನ ಪ್ರೀತಿಸ್ತೀನಿ ಕಣೇ. ಹೇಳೋಕೆ ಇಷ್ಟು ಮುದುಕನಾಗ್ಬೇಕಾಯ್ತು."

ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಕಣ್ಣನ್ನು ಹುಡುಕಿ, ಸಿಕ್ಕ ಕೂಡಲೇ ಕೆಳಗಿಳಿಯಿತು. ಕಿವಿ ಮಾತ್ರ ಕೆಂಪಾಗಿತ್ತು.

"ಹೋಗಿ ರಾಡಿವೊಯ್‌ಗೆ ಹೇಳು. ಪಾತ್ರ ಕೊಡೋರು ಅವರು."

"ನೀನೇನೂ ಹೇಳಲ್ವಾ?"

ಅವಳು ಮುಖಕ್ಕೆ ಕ್ರೀಮು ಬಳಿದುಕೊಂಡಳು. ಅದಕ್ಕಿಂತ ದಪ್ಪನೆಯ ಪರದೆಯನ್ನು ನಾನು ನೋಡಿಲ್ಲ.

"ನಿನ್ನ ಸೊಂಟದ ಗತಿ?" ಎಂದರು ರಾಡಿವೊಯ್. "ಸೊಂಟ ನನ್ದು," ಎಂದೆ. ಓಗ್ನೆನ್ ಗಡ್ಡ ಅಂಟಿಸಿಕೊಂಡು ಖುಷಿಯಿಂದ ಅಪ್ಪನಾದ. ನಾನು ಕಿಟಕಿಯ ಕೆಳಗೆ ಬಂದೆ.

ಬಂದು ಏನು ಸುಖ? ಯಾಗೊಡಾ ಹಾರಲೇ ಇಲ್ಲ. ಪ್ರತಿ ತಾಲೀಮಿನಲ್ಲೂ ಮಾತು ಮುಗಿಸಿ, "ನಾಟಕದ ದಿನಾನೇ ಹಾರ್ತೀನಿ," ಎಂದು ಹಿಂದಿನ ಏಣಿಯಿಂದ ಇಳಿದುಬಿಡುತ್ತಿದ್ದಳು. ನಾನು ಕೈ ಚಾಚಿಕೊಂಡು ನಿಂತಿರುತ್ತಿದ್ದೆ. ಮುಂದಕ್ಕೆ ಹೋಗುವಂತಿಲ್ಲ, ಕೈ ಇಳಿಸುವಂತಿಲ್ಲ. ಮೇಕಪ್ ಕೋಣೆಯಲ್ಲಿ ಆಡಿದ ನನ್ನ ಮಾತಿಗೆ ಉತ್ತರವೂ ಬರಲಿಲ್ಲ.

ಆ ಸಂಜೆ ಊರೆಲ್ಲ ಬಂದಿತ್ತು. ಓಗ್ನೆನ್ ಅವಳನ್ನು "ಮಗಳೇ" ಎಂದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಕಿಟಕಿ ಹತ್ತುವಾಗ ಲಂಗ ಮೊಳೆಗೆ ಸಿಕ್ಕಿತು. ಕಿಸಕ್ಕೆಂದದ್ದು ಗೊಳ್ಳೆಂದಾಯಿತು. ಹೆದರಿಕೆಯಿಲ್ಲ ಎಂದವಳು, ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು ಅಲ್ಲೇ ನಿಂತುಬಿಟ್ಟಳು.

ನನ್ನ ತೋಳು ಕೋಟೆಯೆಂದೋ ಏನೋ ಒಂದು ಸುಂದರ ಮಾತನ್ನು ನಾಟಕದಲ್ಲಿ ನನಗೆ ಬರೆದಿದ್ದರು. ಅದು ಬಾಯಿಗೆ ಬರಲಿಲ್ಲ.

"ಹಿಡೀತೀಯಾ?" ಎಂದಳು. ಅದು ನಾಟಕದಲ್ಲಿರಲಿಲ್ಲ.

ನಟನಾಗಿದ್ದರೆ ಹಿಡಿಯುತ್ತೇನೆ ಎನ್ನಬೇಕಿತ್ತು.

"ಗೊತ್ತಿಲ್ಲ," ಎಂದೆ. "ಹಾರು, ಯಾಗೊಡಾ."

ಎಡಗಡೆಯ ಹುಬ್ಬು ಮೇಲೇರಿತು. ಹಾರಿದಳು.

ಹಿಡಿದೆ. ನಿಜವಾಗಿ ಹಿಡಿದೆ. ಅವಳ ಉಸಿರು ನನ್ನ ಕತ್ತಿಗೆ ತಾಗುವಷ್ಟು ಹೊತ್ತು ಹಿಡಿದಿದ್ದೆ. ಆಮೇಲೆ ಮಂಡಿ ಕೈಕೊಟ್ಟಿತು. ಇಬ್ಬರೂ ಹಲಗೆಯ ಮೇಲೆ ದಬ್ಬೆಂದು ಬಿದ್ದೆವು. ಜನ ನಗುತ್ತಿದ್ದರೋ ಚಪ್ಪಾಳೆ ತಟ್ಟುತ್ತಿದ್ದರೋ ತಿಳಿಯಲಿಲ್ಲ. ಬಹುಶಃ ಎರಡೂ.

"ಓಡೋಣ, ಅಪ್ಪ ಬಂದಾನು..." ಎಂದು ನಾಟಕದ ಮಾತು ಶುರುಮಾಡಿದೆ.

"ಸುಮ್ನಿರು ಮಾರಾಯ," ಎಂದಳು ಕಿವಿಯಲ್ಲಿ. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಎದ್ರೆ ಮುಗೀತು. ನಾಳೆಯಿಂದ ಮತ್ತೆ ಅಜ್ಜಿ ಪಾತ್ರ. ಇನ್ನೊಂಚೂರು ಹೀಗೇ ಇರ್ಲಿ."

"ಇರ್ಲಿ."

"ಮನೇಲಿ ಅಜ್ಜನ ಪಾತ್ರ ಒಂದು ಖಾಲಿ ಇದೆ. ಬರ್ತೀಯಾ?"

"ಬರ್ತೀನಿ."

ಪರದೆಯ ಮರೆಯಿಂದ ರಾಡಿವೊಯ್ ಎದ್ದೇಳಿ, ಎದ್ದೇಳಿ ಎಂದು ಹಲ್ಲು ಕಡಿಯುತ್ತಿದ್ದರು. ನನಗೆ ನಿಜವಾಗಿಯೂ ಏಳಲು ಆಗುತ್ತಿರಲಿಲ್ಲ.