ನಲವತ್ತೇಳನೇ ಗೂಡಿನ ಬೆಂಕಿಪೊಟ್ಟಣ

ಚೊಂಬಿನ ನೀರು ಬೀಡಿಗೆ ಬೀಳಬೇಕಿತ್ತು. ಬಿದ್ದದ್ದು ಮುಖಕ್ಕೆ!

ಕಿಟಕಿಯ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಕುಳಿತಿದ್ದವನು ಧಡಕ್ಕನೆ ಎದ್ದ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಆರಿದ ಬೀಡಿ ಮಾತ್ರ ತುಟಿಯಲ್ಲಿ ಹಾಗೇ ಇತ್ತು.

“ಏನ್ರೀ ಇದು?”

“ಅದನ್ನ ನಾನು ಕೇಳ್ಬೇಕು! ನಮ್ಮ ಕಿಟಕಿ ಕೆಳಗೇ ಕೂತು ಸೇದ್ಬೇಕಾ? ಒಳಗೆ ನಮ್ಮಮ್ಮ ಇದಾರೆ. ಉಬ್ಬಸ ಅವರಿಗೆ!”

“ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?”

“ಈ ವಠಾರದಲ್ಲಿ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ ನಂಗೆ.”

ಅವನು ಒದ್ದೆ ಬೀಡಿಯನ್ನು ತೆಗೆದು ನೋಡಿದ. ಆಮೇಲೆ... ನಕ್ಕುಬಿಟ್ಟ! ಕಿಟಕಿಯಲ್ಲಿ ಖಾಲಿ ಚೊಂಬು ಹಿಡಿದು ನಿಂತಿದ್ದ ಭಾಗ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ಜಗಳವಾಡಬಹುದಿತ್ತು. ನಗುವವನ ಜೊತೆ ಏನು ಮಾಡುವುದು? ಅವಳು ಕಿಟಕಿಯನ್ನು ರಪ್ಪನೆ ಮುಚ್ಚಿದಳು.

ಅದು ಎಂಬತ್ತಮೂರನೇ ಇಸವಿ. ಬಾಗಲಗುಂಟೆಯಲ್ಲಿ ಭದ್ರಮ್ಮನ ವಠಾರ ಎಂದರೆ ಎದುರುಬದುರು ಹತ್ತು ಮನೆ, ನಡುವೆ ಒಂದೇ ಅಂಗಳ, ಒಂದೇ ಕೊಳಾಯಿ. ಮೊದಲು ಅಲ್ಲಿ ಭದ್ರಮ್ಮನ ರಾಗಿ ಹೊಲವಿತ್ತು. ಈಗ ಪೀಣ್ಯದ ಕಾರ್ಖಾನೆಗಳ ಜನ ಬಾಡಿಗೆಗಿದ್ದರು. ಒಂದು ಶಿಫ್ಟಿನವರು ಮನೆಗೆ ಬರುವ ಹೊತ್ತಿಗೆ ಇನ್ನೊಂದು ಶಿಫ್ಟಿನವರು ಹೊರಡುತ್ತಿದ್ದರು. ಹಾಗಾಗಿ ಅಂಗಳದ ಬೀಡಿ ಹೊಗೆಗೆ ಭಾನುವಾರವೂ ರಜೆಯಿರಲಿಲ್ಲ.

ಭಾಗ್ಯಳ ತಾಯಿ ವೆಂಕಟಮ್ಮನಿಗೆ ಆ ಹೊಗೆ ಆಗುತ್ತಿರಲಿಲ್ಲ. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: “ಹೊಗೆ ನಿಲ್ಲಿಸಿ, ಇಲ್ಲ ಅಂದ್ರೆ ಮನೆ ಬದಲಾಯಿಸಿ.” ಬದಲಾಯಿಸುವುದಾದರೆ ಮಾಗಡಿಯ ಸೋದರಮಾವನ ಮನೆಗೇ ಹೋಗಬೇಕು. ಅಲ್ಲಿಗೆ ಹೋದರೆ ಭಾಗ್ಯ ಕೆಲಸ ಬಿಡಬೇಕು. ತಂದೆಯಿಲ್ಲದ ಮನೆಗೆ ಆ ಕೆಲಸವೇ ಕಂಬ.

ಮರುದಿನ, ಸೋಮವಾರ ಬೆಳಿಗ್ಗೆ ಅವಳಿಗೆ ಇನ್ನೊಂದು ಆಘಾತ ಕಾದಿತ್ತು.

ಅವಳು ಕಾರ್ಖಾನೆಯೊಂದರಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತೆ. ಅಲ್ಲಿನ ಪೇಂಟ್ ಶಾಪಿನಲ್ಲಿ ಬಣ್ಣ ತೆಳುಮಾಡುವ ಥಿನ್ನರಿನ ಡ್ರಮ್ಮುಗಳಿದ್ದವು, ಒಂದು ಕಿಡಿ ಸಾಕು. ಅದಕ್ಕೇ ಆ ವಿಭಾಗದವರು ಒಳಗೆ ಹೋಗುವ ಮೊದಲು ಬೀಡಿ, ಬೆಂಕಿಪೊಟ್ಟಣಗಳನ್ನು ಗೇಟಿನ ಪಕ್ಕದ ಮರದ ಗೂಡುಗಳಲ್ಲಿ ಇಟ್ಟುಹೋಗಬೇಕು. ಒಬ್ಬೊಬ್ಬರಿಗೆ ಒಂದೊಂದು ನಂಬರು. ಗೂಡುಗಳನ್ನು ನೋಡಿಕೊಳ್ಳುವುದು ಭಾಗ್ಯಳ ಕೆಲಸ.

“ಹೊಸಬ, ಮೇಡಂ. ನಲವತ್ತೇಳು. ಹನುಮಂತರಾಯ,” ಎಂದ ವಾಚ್‌ಮನ್ ನರಸಿಂಹಯ್ಯ.

ತಲೆ ಎತ್ತಿದರೆ... ಅದೇ ನಗು!

“ಇವತ್ತು ನೀರು ಇಲ್ವಾ, ಮೇಡಂ?” ಎಂದ ಹನುಮಂತರಾಯ, ಬೀಡಿಕಟ್ಟನ್ನು ಗೂಡಿಗೆ ತಳ್ಳುತ್ತಾ.

ಅಂದು ಭಾಗ್ಯ ರಿಜಿಸ್ಟರಿನಲ್ಲಿ ನಲವತ್ತೇಳನ್ನು ಎರಡು ಸಲ ಬರೆದು, ಒಂದನ್ನು ಹೊಡೆದುಹಾಕಿದಳು. ‘ಇವನ ಹಾಳು ನಗು ನನ್ನ ತಲೆಯಲ್ಲೇಕೆ ಕೂತಿದೆ?’

ಮುಂದಿನ ಭಾನುವಾರ ಭದ್ರಮ್ಮ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದಳು. ಭಾಗ್ಯ ಎದ್ದು ನಿಂತು, ವಠಾರದೊಳಗೆ ಯಾರೂ ಸೇದಕೂಡದು ಎಂದು ಬೇಡಿಕೆ ಇಟ್ಟಳು.

ಮೂಲೆಮನೆಯ ಗೋಪಾಲಪ್ಪ, ಫೌಂಡ್ರಿಯ ಹಳೇ ಕೆಲಸಗಾರ, ತಲೆ ತಗ್ಗಿಸಿ ಕುಳಿತಿದ್ದ. ಅವನ ಪರವಾಗಿ ಎದ್ದವನು ವಠಾರಕ್ಕೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹನುಮಂತರಾಯ!

“ನೋಡಿ, ಬೇಡ ಅನ್ನೋದು ಸುಲಭ. ಗೋಪಾಲಣ್ಣ ಎಂಟು ಗಂಟೆ ಕುಲುಮೆ ಮುಂದೆ ಬೆಂದು ಬರ್ತಾರೆ. ಆಮೇಲೆ ಲಾರಿ ಓಡಾಡೋ ರೋಡಲ್ಲಿ ನಿಂತ್ಕೋಬೇಕಾ? ಮೊದಲು ಒಂದು ಜಾಗ ತೋರ್ಸಿ, ಆಮೇಲೆ ಬೇಡ ಅನ್ನಿ.”

“ನಮ್ಮಮ್ಮನ ಉಸಿರಿಗೆ ನೀವು ಯಾವ ಜಾಗ ತೋರಿಸ್ತೀರಾ?” ಎಂದಳು ಭಾಗ್ಯ.

ಅವನ ಕೈ ಜೇಬಿನ ಬೀಡಿಕಟ್ಟನ್ನು ಒತ್ತಿಹಿಡಿಯಿತು.

“ಇಂಗೆ ಕಿತ್ತಾಡಿದ್ರೆ ಆಗಾಕಿಲ್ಲ. ಬರೋ ವಾರ ನಾನೇ ಯೋಳ್ತೀನಿ,” ಎಂದು ಭದ್ರಮ್ಮ ಎದ್ದಳು.

‘ಇಷ್ಟೇನಾ ಇವನು? ನಾನು ಏನೇನೋ ಅಂದುಕೊಂಡೆನಲ್ಲ...’ ಭಾಗ್ಯಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಸೋಮವಾರ ನಲವತ್ತೇಳನೇ ಗೂಡು ಖಾಲಿ. ಮಂಗಳವಾರವೂ ಖಾಲಿ!

ಬುಧವಾರ ಅವಳು ಗಮನವಿಟ್ಟು ನೋಡಿದಳು. ಅವನು ಖಾಲಿ ಕೈಯಲ್ಲಿ ಗೂಡುಗಳನ್ನು ದಾಟಿದ. ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣದ ಚೌಕಾಕಾರ ಎದ್ದು ಕಾಣುತ್ತಿತ್ತು. ನಡೆದರೆ ಗಲಗಲ ಸದ್ದು ಬೇರೆ!

ಬೆಂಕಿಪೊಟ್ಟಣದ ಜೊತೆ ಪೇಂಟ್ ಶಾಪಿಗೆ? ಅಲ್ಲಿ ಐವತ್ತು ಜನ ಇದ್ದಾರೆ...

ಕರೆದು ಕೇಳಬಹುದಿತ್ತು. ಆದರೆ ಭಾನುವಾರದ ಕೋಪ ಇನ್ನೂ ಬಿಸಿಯಾಗಿತ್ತು.

“ನರಸಿಂಹಯ್ಯನವರೇ, ನಲವತ್ತೇಳನ್ನ ತಡಕಿ.”

ಇಡೀ ಸಾಲು ನಿಂತಿತು. ನರಸಿಂಹಯ್ಯ ಜೇಬಿಗೆ ಕೈಹಾಕಿ ಪೊಟ್ಟಣ ಎಳೆದ. ಹನುಮಂತರಾಯ ತಡೆಯಲಿಲ್ಲ. ಅವನ ಕಣ್ಣು ಭಾಗ್ಯಳ ಮೇಲೇ ಇತ್ತು. ಈಗ ಅದರಲ್ಲಿ ನಗು ಇರಲಿಲ್ಲ.

ಪೊಟ್ಟಣ ತೆರೆಯಿತು. ನರಸಿಂಹಯ್ಯನ ಅಂಗೈಗೆ ಬಿದ್ದದ್ದು...

“ಲವಂಗ, ಮೇಡಂ!”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಬೀಡಿ ಎಲ್ಲೋ?” ನರಸಿಂಹಯ್ಯ ಗದರಿದ.

“ಬಿಟ್ಟೆ ಅಣ್ಣ. ಇವತ್ತಿಗೆ ಹತ್ತು ದಿನ. ವಾರದವರೆಗೂ ಕಟ್ಟು ಬಿಸಾಕೋ ಧೈರ್ಯ ಇರ್ಲಿಲ್ಲ, ಜೇಬಲ್ಲಿ ತಂದು ಗೂಡಲ್ಲಿ ಇಡ್ತಿದ್ದೆ. ಭಾನುವಾರ ಮೀಟಿಂಗ್ ಮುಗಿದ್ಮೇಲೆ ಬಿಸಾಕ್ದೆ. ಕೈ ಸುಮ್ನಿರಲ್ಲ, ಅದಕ್ಕೇ ಪೊಟ್ಟಣದಲ್ಲಿ ಲವಂಗ ಇಟ್ಕೊಂಡಿದೀನಿ.”

ಹತ್ತು ದಿನ! ಅವಳು ಲೆಕ್ಕಹಾಕಿದಳು. ಚೊಂಬಿನ ನೀರು ಬಿದ್ದ ಮರುದಿನದಿಂದ! ಭಾನುವಾರ ಗೋಪಾಲಪ್ಪನ ಪರ ಮಾತಾಡಿದಾಗಲೂ ಅವನು ಸೇದುತ್ತಿರಲಿಲ್ಲ!

ಪೊಟ್ಟಣದಲ್ಲಿ ಏನೇ ಇರಲಿ, ನಿಯಮ ನಿಯಮವೇ ಎಂದು ಸೂಪರ್‌ವೈಸರ್ ಅದನ್ನು ಕಸಿದುಕೊಂಡು ಅವನನ್ನು ಮಧ್ಯಾಹ್ನದವರೆಗೆ ಗೇಟಿನ ಹೊರಗೆ ನಿಲ್ಲಿಸಿದ. ಕಿಟಕಿಯ ಗಾಜಿನಾಚೆ, ಬಿಸಿಲಲ್ಲಿ, ಅವನ ಬೆರಳುಗಳು ಇಲ್ಲದ ಪೊಟ್ಟಣವನ್ನು ತೆರೆದು ಮುಚ್ಚುತ್ತಲೇ ಇದ್ದವು. ಭಾಗ್ಯಳಿಗೆ ಅಳು ಉಕ್ಕಿ ಬಂತು.

ಶನಿವಾರ ಭದ್ರಮ್ಮ ಕೊಳಾಯಿಯ ಹತ್ತಿರ ಸಿಕ್ಕಳು. “ಆ ಉಡುಗ ಮಾದನಾಯಕನಹಳ್ಳಿಗೆ ಓಗ್ತಾನಂತೆ ಕಣವ್ವ. ಮನೆ ಬಿಡ್ತೀನಿ ಅಂದ.”

ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಭಾಗ್ಯಳಿಗೆ ಗೊತ್ತಾಗಲಿಲ್ಲ.

ಭಾನುವಾರ ಎಲ್ಲರೂ ಸೇರಿದಾಗ ಭದ್ರಮ್ಮ ಬಾಯಿ ತೆರೆಯುವ ಮೊದಲೇ ಅವಳು ಎದ್ದಳು.

“ನಾನು ಒಂದು ತಪ್ಪು ಮಾಡಿದೀನಿ. ಕೇಳದೇ, ವಿಚಾರಿಸದೇ ಒಬ್ಬರನ್ನ ಕಾರ್ಖಾನೆ ಗೇಟಲ್ಲಿ ಎಲ್ಲರ ಮುಂದೆ ಅವಮಾನ ಮಾಡ್ದೆ. ಅದಕ್ಕೇ ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ. ಮತ್ತೆ... ಅವತ್ತು ಅವರು ಹೇಳಿದ್ದು ಸರಿ. ಗೋಪಾಲಪ್ಪನವರಿಗೂ ಒಂದು ಜಾಗ ಬೇಕು.”

ಹನುಮಂತರಾಯ ನೆಲ ನೋಡುತ್ತಿದ್ದ.

“ಅಂಗಾದ್ರೆ ಕೇಳ್ರಪ್ಪ,” ಎಂದಳು ಭದ್ರಮ್ಮ. “ವಠಾರದ ಗೇಟಿಂದ ಈಚೆಗೆ ಒಂದು ಬೀಡಿಗೂ ಬೆಂಕಿ ಅತ್ತಬಾರದು. ಆಚೆ ಒಂಗೆ ಮರ ನಂದೇ. ಕಿಟಕಿ ಕೆಳಗಿನ ಚಪ್ಪಡಿ ಒಯ್ದು ಅಲ್ಲಿ ಆಕ್ಕಳಿ. ಕೂತ್ಕೊಂಡು ಸೇದ್ಲಿ.”

ಗೋಪಾಲಪ್ಪನೇ ಮೊದಲು ಎದ್ದು ಚಪ್ಪಡಿಗೆ ಕೈಹಾಕಿದ. ಇನ್ನೊಂದು ತುದಿಯನ್ನು ಹನುಮಂತರಾಯ ಹಿಡಿದ. ವೆಂಕಟಮ್ಮ ಎಷ್ಟೋ ತಿಂಗಳ ಮೇಲೆ ಕಿಟಕಿಯ ಎರಡೂ ಬಾಗಿಲು ತೆರೆದಳು.

ಚಪ್ಪಡಿ ಇಟ್ಟು ಬಂದವನನ್ನು ಭಾಗ್ಯ ಗೇಟಿನ ಬಳಿ ತಡೆದಳು.

“ಬಿಟ್ಟಿದೀನಿ ಅಂತ ಯಾಕೆ ಹೇಳ್ಲಿಲ್ಲ?”

“ಮೂರು ಸಲ ಬಿಟ್ಟೆ ಅಂತ ಊರಿಗೆಲ್ಲ ಡಂಗುರ ಸಾರಿ, ಮೂರು ಸಲವೂ ಸೇದಿದೋನು ನಾನು. ಈ ಸಲ ಬಾಯಿ ಮುಚ್ಕೊಂಡಿರೋಣ ಅಂತ.”

“ಈ ಸಲ ಯಾಕೆ ಬಿಟ್ರಿ?”

ಅವನು ತೆರೆದ ಕಿಟಕಿಯತ್ತ ನೋಡಿದ. “ನೀವು ನೀರೆರಚಿದ ಮಾರನೇ ಬೆಳಿಗ್ಗೆ ನಿಮ್ಮಮ್ಮ ಕೊಳಾಯಿ ಹತ್ರ ಬಿಂದಿಗೆ ಕೆಳಗಿಟ್ಟು, ಉಸಿರು ಬರ್ಲಿ ಅಂತ ಕಾಯ್ತಾ ನಿಂತಿದ್ರು. ಪಕ್ಕದಲ್ಲೇ ನನ್ನ ಬೀಡಿ ಹೊಗೆ. ಅವರು ನನ್ನ ಬೈಲಿಲ್ಲ. ‘ಮಗಾ, ಸ್ವಲ್ಪ ಆ ಕಡೆ ಹೋಗ್ತೀಯಾ?’ ಅಂದ್ರು ಅಷ್ಟೇ.”

ಭಾಗ್ಯಳ ಕಣ್ಣು ತುಂಬಿತು. “ಮನೆ... ಬಿಡ್ಬೇಡಿ.”

“ಯಾಕೆ?”

“ಯಾಕೆ ಅಂದ್ರೆ! ಅಷ್ಟೂ ಗೊತ್ತಾಗಲ್ವಾ?” ಅವಳು ಒಳಗೆ ಓಡಿಬಿಟ್ಟಳು.

ಸೋಮವಾರ ಬೆಳಿಗ್ಗೆ ಸಾಲು ಒಂದೊಂದೇ ಹೆಜ್ಜೆ ಮುಂದೆ ಬಂತು. ಭಾಗ್ಯಳ ಕಣ್ಣು ಗೇಟು ಬಿಟ್ಟು ಕದಲಲಿಲ್ಲ. ಮೂವತ್ತೊಂಬತ್ತು... ನಲವತ್ತೆರಡು... ಬರುತ್ತಾನಾ? ರಾತ್ರಿಯೇ ಗಂಟುಮೂಟೆ ಕಟ್ಟಿಬಿಟ್ಟನಾ?

ಬಂದ! ಜೇಬಿನಿಂದ ಇನ್ನೊಂದು ಪೊಟ್ಟಣ ತೆಗೆದು ತಾನೇ ಗೂಡಿಗಿಟ್ಟು, ಒಳಗೆ ಹೋದ.

ಅವಳು ತೆರೆದು ನೋಡಿದಳು. ಒಳಗೆ ಒಂದೇ ಒಂದು ಲವಂಗ ಉಳಿದಿತ್ತು.

ಸಂಜೆ ಅವನು ಪೊಟ್ಟಣ ಎತ್ತಿಕೊಂಡರೆ ಭಾರವಾಗಿತ್ತು. ತುಂಬಾ ಲವಂಗ. ಕಿವಿಯ ಬಳಿ ಅಲ್ಲಾಡಿಸಿ ನೋಡಿದ, ಸದ್ದೇ ಬರಲಿಲ್ಲ. ಅಷ್ಟು ಒತ್ತಿ ತುಂಬಿದ್ದಳು.

“ಖಾಲಿ ಆದಾಗೆಲ್ಲ ಇಲ್ಲೇ ಇಡಿ. ನಾನು ತುಂಬಿಸ್ತೀನಿ,” ಎಂದಳು ಭಾಗ್ಯ, ರಿಜಿಸ್ಟರಿನಿಂದ ತಲೆ ಎತ್ತದೆ.

“ಎಷ್ಟು ದಿನ?”

“ನಿಮ್ಮ ಕೈ ಸುಮ್ನಾಗೋ ತನಕ.”

“ಲವಂಗಕ್ಕೆಲ್ಲ ಸುಮ್ನಾಗೋ ಕೈ ಅಲ್ಲ ರೀ ಇದು.”

ನರಸಿಂಹಯ್ಯ ಗೇಟು ಮುಚ್ಚಲು ಅತ್ತ ಹೋಗಿದ್ದ. ಭಾಗ್ಯ ಪೆನ್ನು ಕೆಳಗಿಟ್ಟಳು. ಗೂಡುಗಳ ಮೇಲಿಂದ ಮೆಲ್ಲಗೆ ಕೈ ಚಾಚಿದಳು. ಅವನು ಹಿಡಿದುಕೊಂಡ.

“ಈಗ?” ಎಂದಳು.

“ಈಗ ಸುಮ್ನಿದೆ,” ಎಂದ.